ಅನ್ವಯಿಸತಕ್ಕದ್ದು

ಭಾನುವಾರ ಬೆಳಗ್ಗೆ ಬಾಗಿಲ ಸಂದಿಯಿಂದ 14 ಹಾಳೆ ಒಳಗೆ ತೂರಿಕೊಂಡು ಬಂದವು. ಒಂದು ಪಿನ್ನು ಕೂಡ ಹೊಡೆದಿರಲಿಲ್ಲ. ಮೇಲೊಂದು ಚೀಟಿ: ‘ಓದಿ, ಸಹಿ ಮಾಡಿ, ಸಂಜೆಯೊಳಗೆ ಗೇಟಿನಲ್ಲಿ ಕೊಡತಕ್ಕದ್ದು.’

ಇಂಥ ಕಾಗದಗಳನ್ನು ನಾನು ಯಾವಾಗಲೂ ಹಿಂದಿನಿಂದ ಓದುವವನು. ದಂಡ ಎಷ್ಟು ಅಂತ ಗೊತ್ತಾದರೆ ನಿಯಮ ಏನು ಅಂತ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಅವತ್ತು ಕನ್ನಡಕ ಸಿಗಲಿಲ್ಲ. ಅಕ್ಷರ ದಪ್ಪಗಿದ್ದ ಮೊದಲ ಹಾಳೆಯನ್ನೇ ಓದಿಬಿಟ್ಟೆ. ‘ವ್ಯಾಪ್ತಿ ಮತ್ತು ಅನ್ವಯ’ ಅಂತ ತಲೆಬರಹ. ‘ಈ ನಿಯಮಗಳು ಸದರಿ ಅಪಾರ್ಟ್‌ಮೆಂಟಿನ ಮಾಲೀಕರು, ಬಾಡಿಗೆದಾರರು, ಅವರ ಕುಟುಂಬದವರು, ಅತಿಥಿಗಳು, ಸಾಕುಪ್ರಾಣಿಗಳು, ಮನೆಗೆಲಸದವರು, ಡ್ರೈವರುಗಳು, ಡೆಲಿವರಿ ಹುಡುಗರು ಹಾಗೂ ಆವರಣದೊಳಗೆ ಯಾವುದೇ ಕಾರಣಕ್ಕೆ ಇರುವ ಇತರ ಎಲ್ಲರಿಗೂ ಅನ್ವಯಿಸತಕ್ಕದ್ದು.’

ನಾನು ಎಲ್ಲಿದ್ದೇನೆ ಅಂತ ಹುಡುಕಿದೆ. ಮಾಲೀಕರಲ್ಲಿ ಇಲ್ಲ. ಫ್ಲ್ಯಾಟು ಹೆಂಡತಿಯ ಹೆಸರಿನಲ್ಲಿದೆ. ಹೆಂಗಸರ ಹೆಸರಿನಲ್ಲಿ ಸಾಲ ತೆಗೆದರೆ ಬಡ್ಡಿ ಚೂರು ಕಡಿಮೆ ಅಂದಿದ್ದರು, ಆ ಚೂರಿಗೆ ಆಸೆಪಟ್ಟೆ. ಕಂತು ಮಾತ್ರ 15 ವರ್ಷ ನನ್ನ ಸಂಬಳದಿಂದಲೇ ಹೋಯಿತು. ಹೋದ ವರ್ಷ ಸಂಘದ ಸಭೆಯಲ್ಲಿ ಪಾರಿವಾಳಗಳ ವಿಷಯ ಮಾತಾಡಲು ಎದ್ದಿದ್ದೆ. ಯುಟಿಲಿಟಿಯಲ್ಲಿ ಒಗೆದ ಬಟ್ಟೆ ಹರವುವಂತಿಲ್ಲ, ಅಷ್ಟು ಹೊಲಸು. ಕಾರ್ಯದರ್ಶಿಗಳು ಮೈಕು ಹಿಡಿದು, ಬಹಳ ವಿನಯದಿಂದ, ‘ಸಾರ್, ಫ್ಲ್ಯಾಟ್ ಯಾರ ಹೆಸರಲ್ಲಿದೆ?’ ಅಂದರು. ಕೂತುಕೊಂಡೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ ಅಂತ ಎಲ್ಲರ ಹತ್ತಿರವೂ ಹೇಳುತ್ತಿರುತ್ತೇನೆ. ಇದೆ.

1897ರ ಒಂದು ಕಾಯ್ದೆ ಇದೆ, ಜನರಲ್ ಕ್ಲಾಜಸ್ ಆಕ್ಟ್ ಅಂತ. ಕೇಂದ್ರದ ಕಾನೂನುಗಳಲ್ಲಿ ‘ಅವನು’ ಅಂತ ಬರೆದಿದ್ದರೆ ‘ಅವಳೂ’ ಸೇರಿದ ಹಾಗೆ ಅನ್ನುತ್ತದೆ ಅದು. ಒಬ್ಬ ಅಂದರೆ ಹಲವರು ಕೂಡ. ನಮ್ಮ ಮನೆಯ ಮಟ್ಟಿಗೆ ‘ಮಾಲೀಕಳು’ ಅಂದರೆ ಗಂಡನೂ ಸೇರಿದ ಹಾಗೆ ಅಂತ ಯಾರಾದರೂ ಬರೆದಿದ್ದರೆ ಚೆನ್ನಾಗಿತ್ತು.

‘ಅಳಿಯಂದ್ರೇ, ಅದರಲ್ಲಿ ನಾನೂ ಇದೀನಾ?’ ಅಂತ ನೆಲದ ಮೇಲೆ ಕೂತಿದ್ದ ಅತ್ತೆ ಕೇಳಿದರು. ಅತ್ತೆ ಸಂಕ್ರಾಂತಿಗೆ ತಿಪಟೂರಿನಿಂದ ಬರುತ್ತಾರೆ, ಯುಗಾದಿ ಹೊತ್ತಿಗೆ ಹೋಗುತ್ತಾರೆ. ಬರುವಾಗ ಒಂದು ಮೂಟೆ ತೆಂಗಿನಕಾಯಿ. ಎರಡನೇ ಹಾಳೆಯಲ್ಲಿ ಅತಿಥಿ ಅಂದರೆ ‘15 ದಿನ ಮೀರದಂತೆ ತಂಗುವವರು’ ಅಂತಿತ್ತು. ಹಾಗಾಗಿ ಅತ್ತೆ ಅತಿಥಿ ಅಲ್ಲ. ಕುಟುಂಬ ಅಂದರೆ ‘ಗಂಡ, ಹೆಂಡತಿ, ಮಕ್ಕಳು ಹಾಗೂ ಅವಲಂಬಿತ ತಂದೆತಾಯಿ.’ ಅವಲಂಬಿತ ಅಂದರೆ ಏನು ಅಂತ ಕೇಳಿದರು. ಹೇಳಿದೆ. ‘ಕಾಯಿ ತರೋಳು ನಾನು, ಚಟ್ನಿ ತಿನ್ನೋರು ನೀವು. ಯಾರು ಯಾರಿಗೆ?’ ಅಂದರು. ಬಾಡಿಗೆ ಕೊಡುತ್ತಿಲ್ಲ. ಸಾಕುಪ್ರಾಣಿ ಅನ್ನುವಂತಿಲ್ಲ. ಉಳಿದದ್ದು ‘ಯಾವುದೇ ಕಾರಣಕ್ಕೆ ಇರುವ ಇತರ.’ ಅದನ್ನು ಅತ್ತೆಗೆ ಓದಿ ಹೇಳುವ ಧೈರ್ಯ ಯಾವ ಅಳಿಯನಿಗಿದೆ?

ಅಷ್ಟರಲ್ಲಿ ಮೂರನೇ ಮಹಡಿಯ ವಕೀಲರು ಬಂದರು. ಇಡೀ ಆಯುಷ್ಯ ಲೇಬರ್ ಕೋರ್ಟಿನಲ್ಲಿ ಕಳೆದವರು, ಈಗ ಅತ್ತೆಯ ಫಿಲ್ಟರ್ ಕಾಫಿಯ ಖಾಯಂ ಗಿರಾಕಿ. ನನ್ನ ಕೈಯಲ್ಲಿದ್ದ ಹಾಳೆ ನೋಡಿದವರೇ ಅವರಿಗೆ ಹುರುಪು ಬಂತು. ‘ಮಿಕ್ಕಿದ್ದೆಲ್ಲ ಬಿಡಿ ಸಾರ್. ಯಾರಿಗೆ ಅನ್ವಯ ಅನ್ನೋ ಮೊದಲನೇ ಪುಟದಲ್ಲೇ ಎಲ್ಲ ಗಲಾಟೆ. ನಮ್ಮ ಜಲಮಂಡಳಿ ಕೇಸು ಗೊತ್ತಲ್ವಾ?’

ಗೊತ್ತಿಲ್ಲ ಅಂದದ್ದು ನನ್ನ ತಪ್ಪು.

1970ರ ದಶಕದ ಶುರುವಿನಲ್ಲಿ ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದುರ್ನಡತೆ ಅಂತ ದಂಡ ಹಾಕಿ ಹಣ ಹಿಡಿದುಕೊಂಡಿತು. ನಮ್ಮ ಮಾತು ಸರಿಯಾಗಿ ಕೇಳದೆ ದಂಡ ಹಾಕಿದ್ದಾರೆ ಅಂತ ಅವರು ಕೈಗಾರಿಕಾ ವಿವಾದಗಳ ಕಾಯ್ದೆ ಹಿಡಿದುಕೊಂಡು ಲೇಬರ್ ಕೋರ್ಟಿಗೆ ಹೋದರು. ಮಂಡಳಿ ಏನಂದಿತು? ದಂಡ ಸರಿ ಅಂತಲೋ ತಪ್ಪು ಅಂತಲೋ ಆಮೇಲೆ ನೋಡೋಣ, ಆ ಕಾಯ್ದೆ ನಮಗೆ ಅನ್ವಯಿಸುವುದೇ ಇಲ್ಲ. ಊರಿಗೆ ನೀರು ಕೊಡುವುದು ಅಂದರೆ ರಾಜ್ಯಭಾರದ ಕೆಲಸ, ನಾವೆಲ್ಲಿಯ ಕೈಗಾರಿಕೆ?

‘ನೀರು ಬಿಡೋದು ರಾಜರ ಕೆಲಸವಾ?’ ಅಂದರು ಅತ್ತೆ. ‘ಒಂದು ಪೇಪರ್ ಕೊಡಿ ಇಲ್ಲಿ, ಸಿಪ್ಪೆ ಹಾಕೋಕೆ.’ ಅವರ ಮುಂದೆ ರಾತ್ರಿ ನೆನೆಸಿದ್ದ ಅವರೆಕಾಳು ಒಂದು ಬೇಸಿನ್ ತುಂಬ. ಎರಡು ಬೆರಳಲ್ಲಿ ಒತ್ತಿದರೆ ಕಾಳು ಪಿಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತದೆ, ಕೊಡವಿದರೂ ಹೋಗದು. ವಕೀಲರು ಮಾತು ಬಿಡದೆ ಟೀಪಾಯಿ ಮೇಲಿಂದ ಏನೋ ಎತ್ತಿ ಕೊಟ್ಟರು.

ಅದಕ್ಕೂ ಮುಂಚೆ, ಅಂದರು, ಕೋರ್ಟುಗಳು ಒಂದೊಂದು ಸಲ ಒಂದೊಂದು ಥರ ಹೇಳಿದ್ದವು. ಆಸ್ಪತ್ರೆ ಕೈಗಾರಿಕೆ ಹೌದು ಅಂತ 1960ರಲ್ಲಿ, ಅಲ್ಲ ಅಂತ 1970ರಲ್ಲಿ. ದೆಹಲಿ ವಿಶ್ವವಿದ್ಯಾಲಯ ಹುಡುಗಿಯರಿಗಾಗಿ ಓಡಿಸುತ್ತಿದ್ದ ಬಸ್ಸು ನಷ್ಟ ಅಂತ ಡ್ರೈವರುಗಳನ್ನು ತೆಗೆದುಹಾಕಿತ್ತು. ಅವರು ಪರಿಹಾರ ಕೇಳಿದರೆ, ವಿದ್ಯೆ ಕಲಿಸುವುದು ಕೈಗಾರಿಕೆ ಅಲ್ಲ ಅಂತ 1963ರಲ್ಲಿ ತೀರ್ಪು.

‘ಬಸ್ ಓಡ್ಸೋನು ಏನು ಪಾಠ ಹೇಳ್ತಿದ್ನಾ?’

‘ಸರಿಯಾಗಿ ಕೇಳಿದ್ರಿ ಅಮ್ಮಾ!’ ವಕೀಲರು ತೊಡೆ ತಟ್ಟಿಕೊಂಡರು. ಮದರಾಸಿನ ಜಿಮ್‌ಖಾನಾ ಕ್ಲಬ್ಬೂ ಅಲ್ಲ ಅಂತ ಆಗಿತ್ತು, ಸದಸ್ಯರು ತಮಗೆ ತಾವೇ ಸೇವೆ ಮಾಡಿಕೊಳ್ಳುತ್ತಾರೆ ಅಂತ. (ಟ್ರೇ ಹಿಡಿದು ಓಡಾಡುತ್ತಿದ್ದವರು ಯಾರೋ ಹಾಗಾದರೆ.) ಕಡೆಗೆ ಜಲಮಂಡಳಿ ಕೇಸು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಮುಂದೆ ಬಂತು. 1978ರ ಫೆಬ್ರುವರಿಯಲ್ಲಿ ತೀರ್ಪು. ಮುಖ್ಯವಾಗಿ ಬರೆದವರು ಕೃಷ್ಣ ಅಯ್ಯರ್. ಮಾಲೀಕರು ನೌಕರರು ಸೇರಿ, ಕ್ರಮವಾಗಿ ನಡೆಸುವ ಕೆಲಸವಾಗಿರಬೇಕು, ಜನಕ್ಕೆ ಬೇಕಾದ ವಸ್ತುವನ್ನೋ ಸೇವೆಯನ್ನೋ ಒದಗಿಸಬೇಕು. ಅಷ್ಟಿದ್ದರೆ ಕೈಗಾರಿಕೆ. ಲಾಭ ಇರಲೇಬೇಕು ಅಂತಿಲ್ಲ. ಜಲಮಂಡಳಿ ಒಳಗೆ ಬಂತು. ಆಸ್ಪತ್ರೆ, ವಿಶ್ವವಿದ್ಯಾಲಯ, ಕ್ಲಬ್ಬು ಎಲ್ಲವೂ ಅದರ ಹಿಂದೆಯೇ ಒಳಗೆ ಬಂದವು. ಬರೀ ಪೂಜೆ ಪುನಸ್ಕಾರ ಹೊರಗೆ. ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸಿದರೆ ಅದು ಒಳಗೆ!

ಅತ್ತೆಯ ಬೆರಳು ನಿಂತಿತು. ‘ಪ್ರಸಾದವೂನಾ?’

‘ಪ್ರಸಾದ ಅಂತಲೇ ಬರೆದಿದ್ದಾರೆ ಅಮ್ಮಾ ತೀರ್ಪಿನಲ್ಲಿ.’

ಅತ್ತೆಗೆ ಇದು ಸರಿ ಕಾಣಲಿಲ್ಲ. ದೇವರ ಲಾಡು ಕೈಗಾರಿಕೆಯಾದರೆ ತಮ್ಮ ಊರಿನ ಜಾತ್ರೆಯ ಪಾನಕ ಏನಾಗುತ್ತದೆ ಅಂತ ಕೇಳಿದರು. ಇಬ್ಬರೂ ಪಾನಕದ ಮೇಲೆ ಹತ್ತು ನಿಮಿಷ ಮಾತಾಡಿದರು. ಎಷ್ಟು ಕೊಳಗ ಬೆಲ್ಲ, ಎಷ್ಟು ಜನ ಕಲೆಸುತ್ತಾರೆ, ಅವರಿಗೆ ಕೂಲಿ ಉಂಟೋ ಭಕ್ತಿಗೆ ಬರುತ್ತಾರೋ. ಭಕ್ತಿಗೆ ಅಂತ ತೀರ್ಮಾನವಾಗಿ ಪಾನಕ ಬಚಾವಾಯಿತು.

ಕಥೆ ಮುಗಿಯಿತು ಅಂದುಕೊಂಡೆ. ಇಲ್ಲ. 1982ರಲ್ಲಿ ಸಂಸತ್ತು ‘ಕೈಗಾರಿಕೆ’ ಅನ್ನುವ ಪದದ ಅರ್ಥವನ್ನೇ ತಿದ್ದಿ ಆಸ್ಪತ್ರೆ, ಶಾಲೆಗಳನ್ನು ಮತ್ತೆ ಹೊರಗೆ ಹಾಕಿತು. ಆದರೆ ತಿದ್ದಿದ ಅರ್ಥವನ್ನು ಜಾರಿಗೆ ತರಲೇ ಇಲ್ಲ! ಬರೆದು, ಪಾಸು ಮಾಡಿ, ಹಾಗೇ ಇಟ್ಟರು. 2017ರಲ್ಲಿ ಹಳೆಯ ತೀರ್ಪನ್ನು ಇನ್ನೊಂದು ಸಲ ನೋಡಬೇಕು ಅಂತ 9 ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿದರು.

‘ಅದಿರಲಿ, ದಂಡ ಎಷ್ಟು ಹಾಕಿದ್ರು ಆ ಹುಡುಗ್ರಿಗೆ?’ ಅಂದರು ಅತ್ತೆ.

ವಕೀಲರು ಕಾಫಿ ಲೋಟ ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ.

‘ಹಾಗಾದ್ರೆ ನಮ್ಮ ಅಪಾರ್ಟ್‌ಮೆಂಟ್ ಸಂಘ?’ ಅಂತ ನಾನೇ ಮಾತು ತಿರುಗಿಸಿದೆ. ಅದಕ್ಕೂ ಒಂದು ಕೇಸು ಇದೆಯಂತೆ, ದೆಹಲಿಯ ಒಂದು ಸಂಘದ್ದು. ಅಲ್ಲಿನ ನೌಕರರು ಸದಸ್ಯರ ಸ್ವಂತ ಕೆಲಸ ಮಾಡುವವರು, ಮನೆಯಲ್ಲಿ ಆಳು ಇಟ್ಟುಕೊಂಡ ಹಾಗೆ, ಸಂಘ ಕೈಗಾರಿಕೆ ಅಲ್ಲ ಅಂದಿತಂತೆ ಸುಪ್ರೀಂ ಕೋರ್ಟು. ಊರಿಗೆಲ್ಲ ನೀರು ಬಿಡುವವನಿಗೆ ಆ ಕಾಯ್ದೆ ಇತ್ತು, ನಮ್ಮ ಓವರ್‌ಹೆಡ್ ಟ್ಯಾಂಕಿಗೆ ಮೋಟಾರು ಹಾಕುವವನಿಗೆ ಇರಲಿಲ್ಲ. ಪೂರ್ತಿ ಹಾಗಲ್ಲ, ಸೂಕ್ಷ್ಮ ಬೇರೆ ಇದೆ ಅಂತ ವಕೀಲರು ಶುರು ಮಾಡಿದರು. ಕೆಳಗಿಂದ ಅವರ ಮನೆಯವರ ಫೋನು ಬಂತು, ದೇವರು ದೊಡ್ಡವನು.

ಅತ್ತೆ ಸಿಪ್ಪೆಯ ಒದ್ದೆ ಪೊಟ್ಟಣವನ್ನು ಮಡಿಸಿ ಹಸಿರು ಬುಟ್ಟಿಗೆ ಹಾಕಿದರು.

ಹನ್ನೊಂದು ಗಂಟೆಗೆ ಮನೆಗೆಲಸದವಳು ಬಂದಳು. ಅವಳಿಗೂ ಕೊನೆಯ ಹಾಳೆಯಲ್ಲಿ ಸಹಿಗೆ ಜಾಗ ಇದೆ. ‘ಏನಣ್ಣ ಬರ್ದವ್ರೆ?’ ಅಂದಳು. ಯಾರ್ಯಾರಿಗೆ ಅನ್ವಯ ಅಂತ ನೆನಪಿದ್ದಷ್ಟು ಹೇಳಿದೆ. ನೆನಪು ಹಾಳಾದದ್ದು, ಅದೇ ಕ್ರಮದಲ್ಲಿ ಬಂತು. ‘ನಾಯಿ ಆದ್ಮೇಕೆ ನಾವಾ?’ ಅಂತ ನಕ್ಕು, ಸೀರೆಗೆ ಕೈ ಒರೆಸಿಕೊಂಡು, ಸಹಿ ಮಾಡಿದಳು. ನಮ್ಮಲ್ಲಿ ಎರಡು ಲಿಫ್ಟು. ದೊಡ್ಡದರಲ್ಲಿ ಐದನೇ ಮಹಡಿಯ ಲ್ಯಾಬ್ರಡಾರ್ ಹೋಗಬಹುದು, ಅವಳು ಹೋಗುವಂತಿಲ್ಲ. ಅದು ಏಳನೇ ಹಾಳೆಯಲ್ಲಿದೆ. ಕೈ ಎತ್ತಿ ಪಾಸು ಮಾಡಿದವರಲ್ಲಿ ನಾನಿರಲಿಲ್ಲ, ನನಗೆ ವೋಟಿಲ್ಲ. ಇದ್ದಿದ್ದರೆ ಎತ್ತದೆ ಇರುತ್ತಿದ್ದೆ ಅಂತ ಎದೆ ಮುಟ್ಟಿ ಹೇಳಲಾರೆ. ಚಹಾ ಬಿಸ್ಕತ್ತು ಬರುವ ಹೊತ್ತಿಗೆ ಎಲ್ಲರೂ ಎತ್ತುತ್ತಾರೆ.

ನಾನು ಸಹಿ ಹಾಕಲು ಪೆನ್ನು ತೆಗೆದೆ. ‘ನಿಮ್ಮ ಸಹಿ ನಡೆಯಲ್ಲ, ಕೊಡಿ ಇಲ್ಲಿ’ ಅಂತ ಹೆಂಡತಿ ಕಿತ್ತುಕೊಂಡು, ಒಂದಕ್ಷರವೂ ಓದದೆ ಗೀಚಿದಳು. ತಲುಪಿಸುವ ಕೆಲಸ ನನ್ನದಾಯಿತು.

ಗೇಟಿನಲ್ಲಿ ಸೆಕ್ಯುರಿಟಿಯವನು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ. ‘ನಿಂದೂ ಸಹಿ ಆಯ್ತೇನಪ್ಪ?’ ಅಂದೆ. ‘ನಾವು ಏಜೆನ್ಸಿಯವ್ರು ಸಾರ್, ನಮ್ದು ಇದ್ರಲ್ಲಿ ಬರಲ್ಲ’ ಅಂದ. ಎಂಜಲು ಬೆರಳು ಹಚ್ಚಿ ಹಾಳೆ ಎಣಿಸಿದ. ಇನ್ನೊಂದು ಸಲ ಎಣಿಸಿದ.

‘ಸಾರ್, ಹದಿಮೂರೇ ಇದೆ. ಮೊದಲನೇದು ಇಲ್ಲ.’

ಹಸಿ ಕಸದ ಗಾಡಿ ಬಂದಿತ್ತಾ ಅಂತ ಕೇಳಿದೆ.

‘ಆಗ್ಲೇ ಹೋಯ್ತಲ್ಲ ಸಾರ್.’