ಹಲಸು ಬೆಳೆಸಿದವನಿಗೆ ಅಲೆದಾಟ, ಸಿಲ್ವರ್ ಓಕ್‌ಗೆ ಸಲೀಸು

ಅರಣ್ಯ ನೀತಿಗೆ ವಿಶ್ವವಿದ್ಯಾಲಯಗಳ ಸಂಶೋಧನೆ ಆಧಾರವಾಗಲಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಆದರೆ ಆಧಾರಕ್ಕೇನು ಕೊರತೆ? ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಗಾಡ್ಗೀಳ್ ವರದಿ 2011ರದ್ದು, ಅದನ್ನೇ ಮರುಪರಿಶೀಲಿಸಿದ ಕಸ್ತೂರಿರಂಗನ್ ವರದಿ 2013ರದ್ದು, ನಮ್ಮ ಕೊಡಗಿನ ಗುಡ್ಡಗಳು ಕುಸಿದಿದ್ದು 2018ರಲ್ಲಿ. ಇಲ್ಲಿನ ಪೊನ್ನಂಪೇಟೆ ಅರಣ್ಯ ಕಾಲೇಜಿನವರು ದೇವರಕಾಡು (ದೇವರ ಹೆಸರಲ್ಲಿ ಉಳಿಸಿದ ಕಾಡು), ಕಾಫಿ ತೋಟದ ನೆರಳು ಮರ ಎಲ್ಲಾ ಅಧ್ಯಯನ ಮಾಡಿದ್ದಾರೆ. ಇತ್ತ ನಮ್ಮ ತೋಟದಲ್ಲಿ ಅಜ್ಜನ ಕಾಲದ ಹಲಸು, ನಂದಿ ಮರ ಕಡಿಯಬೇಕಾದರೆ ಅನುಮತಿಗೆ ಅಲೆಯಬೇಕು, ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಆ ತಲೆನೋವಿಲ್ಲ, ಅದಕ್ಕೇ ಎಲ್ಲರೂ ಅದನ್ನೇ ನೆಟ್ಟು ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಸುಳ್ಳು ಯಾಕೆ, ನಾನೂ ನೆಟ್ಟಿದ್ದೇನೆ. ಅದರ ಒಣ ಎಲೆ ಬೇಗ ಕೊಳೆಯಲ್ಲ, ಹಲಸಿನ ಬುಡದ ಮಣ್ಣು ಮಾತ್ರ ಬೆರಳಲ್ಲಿ ಹುಡಿಯಾಗುತ್ತೆ. ಊರಿನ ಮರ ಬೆಳೆಸಿದವನಿಗೇ ಕಾನೂನು ಜಾಸ್ತಿ ಅಂದರೆ ಯಾರು ಬೆಳೆಸುತ್ತಾರೆ ಸ್ವಾಮಿ? ಮುಂದಿನ ಸಂಶೋಧನೆ ಇದರ ಮೇಲೇ ಆಗಲಿ.