ಬಿಬಿಂಬಾಪ್ ಕಲಸಿದ ಅನ್ನ, ಹುರಿದ ಅನ್ನವಲ್ಲ

ನಿನ್ನೆ ರಾತ್ರಿ ತುಂಬ ಬೇಕಾದವರ ಮನೆಯಲ್ಲಿ ಊಟ. ದಕ್ಷಿಣ ಕೊರಿಯಾದ ಸುವೋನ್‌ನಲ್ಲಿ ಎರಡು ವರ್ಷ ಇದ್ದು ಬಂದವಳು ಎಂಬ ಪ್ರೀತಿಯಿಂದ ನನಗಾಗಿಯೇ ಬಿಬಿಂಬಾಪ್ ಮಾಡಿದ್ದರು. ಅಡುಗೆಮನೆಗೆ ಹೋದರೆ ಒಂದೇ ಬಾಣಲೆಯಲ್ಲಿ ಕ್ಯಾರೆಟ್, ಪಾಲಕ್, ಅಣಬೆ, ಹೆಸರುಕಾಳಿನ ಮೊಳಕೆ ಎಲ್ಲವೂ ಸೋಯಾ ಸಾಸ್‌ನಲ್ಲಿ ಬೇಯುತ್ತಿದ್ದವು. ಅದರ ಮೇಲೆ ಅನ್ನ ಸುರಿದು, ಚಿಲ್ಲಿ ಸಾಸ್ ಹಾಕಿ, ಸೌಟಿನಿಂದ ತಿರುವಿದರು. ಬಡಿಸಿದ್ದನ್ನು ಪೂರ್ತಿ ಉಂಡೆ. ಮನೆಗೆ ಬಂದ ಮೇಲೆ ಸಿಟ್ಟು ಇಳಿಯಲಿಲ್ಲ. ಸಿಟ್ಟು ಅವರ ಮೇಲಲ್ಲ, ಹೀಗೆ ಮಾಡಿ ಎಂದು ಅವರಿಗೆ ಕಲಿಸಿದ ವಿಡಿಯೊದ ಮೇಲೆ.

ಕೊರಿಯನ್ ಭಾಷೆಯಲ್ಲಿ ಬಿಬಿಂ ಎಂದರೆ ಕಲಸುವುದು, ಬಾಪ್ ಎಂದರೆ ಅನ್ನ. ಬಾಣಲೆಯಲ್ಲಿ ಹುರಿದ ಅನ್ನಕ್ಕೆ ಅವರಲ್ಲಿ ಬೊಕ್ಕುಂಬಾಪ್ ಎಂಬ ಬೇರೆಯೇ ಹೆಸರಿದೆ. ಅದೂ ರುಚಿಯಾದ ಊಟವೇ. ಆ ಹೆಸರಿನಲ್ಲೇ ಅದನ್ನು ಮಾಡಿ ಬಡಿಸಿದರೆ ನನ್ನ ತಕರಾರಿಲ್ಲ.

ಬಿಬಿಂಬಾಪ್‌ನ ಜೀವ ಇರುವುದು ನಾಮುಲ್‌ನಲ್ಲಿ, ಅಂದರೆ ಒಂದೊಂದಾಗಿ ಹದಮಾಡಿದ ಸೊಪ್ಪು ತರಕಾರಿಗಳಲ್ಲಿ. ಪಾಲಕ್ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಇದ್ದರೆ ಸಾಕು. ತಕ್ಷಣ ತಣ್ಣೀರಿಗೆ ಹಾಕಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಎಳ್ಳೆಣ್ಣೆ ಹಾಕಿ ಕೈಯಿಂದಲೇ ಕಲಸಬೇಕು. ಸೌತೆಕಾಯಿಗೆ ಉಪ್ಪು ಸವರಿ ನೀರು ಬಿಡಿಸಬೇಕು. ಅಣಬೆಗೆ ಸೋಯಾ ಸಾಸ್ ಬೇಕು, ಮೂಲಂಗಿಗೆ ಖಾರದ ಪುಡಿ ಮತ್ತು ಹುಳಿ. ಕ್ಯಾರೆಟ್ಟನ್ನು ಉಪ್ಪಿನ ಜೊತೆ ಬೇರೆಯಾಗಿ ಬಾಡಿಸಿದರೆ ಆಯಿತು. ಹೀಗೆ ಹಿಂಡದೆ ಒಟ್ಟಿಗೆ ಬೇಯಿಸಿದರೆ ಎಲ್ಲದರ ನೀರೂ ಅನ್ನಕ್ಕೆ ಇಳಿಯುತ್ತದೆ, ಎಲ್ಲಕ್ಕೂ ಸೋಯಾ ಸಾಸ್‌ನ ಒಂದೇ ರುಚಿ ಬರುತ್ತದೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಸುವೋನ್‌ಗೆ ಹೋದ ಮೊದಲ ತಿಂಗಳು ನಾನು ಮಾಡಿದ್ದೂ ಇದನ್ನೇ. ಮನೆಯೊಡತಿ ಅಜ್ಜಿಗೆ ಅಭಿಮಾನದಿಂದ ಒಂದು ಬಟ್ಟಲು ಕೊಟ್ಟೆ. ಅವರು ಮಾತಾಡದೆ ತಿಂದು, ಬಟ್ಟಲು ತೊಳೆದು ಕೊಟ್ಟರು. ಮರುದಿನ ಬೆಳಿಗ್ಗೆ ತಮ್ಮ ಅಡುಗೆಮನೆಗೆ ಕರೆದು, ಬೇಯಿಸಿದ ಪಾಲಕ್ಕನ್ನು ನನ್ನ ಅಂಗೈಗೆ ಹಾಕಿ, ಮೇಲಿಂದ ತಮ್ಮ ಕೈಯನ್ನಿಟ್ಟು ಹಿಂಡಿದರು. ಒಂದೇ ಒಂದು ಮಾತು ಹೇಳಿದರು: ಸೊನ್‌ಮಾತ್. ಸೊನ್ ಎಂದರೆ ಕೈ, ಮಾತ್ ಎಂದರೆ ರುಚಿ. ನಮ್ಮ ಕೈರುಚಿಯೇ! ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಅರ್ಧವೂ ಬಾರದು. ಆ ಪದ ಕೇಳಿ ಅಲ್ಲೇ ಕಣ್ಣು ತುಂಬಿ ಬಂತು.

"ಕೊನೆಗೆ ಎಲ್ಲವನ್ನೂ ಕಲಸುವುದೇ ತಾನೆ, ಬೇರೆ ಬೇರೆ ಮಾಡುವ ಕಷ್ಟವೇಕೆ?" ಎಂದು ನಿನ್ನೆಯೂ ಕೇಳಿದರು. ಕಲಸುತ್ತೇವೆ ಎಂದೇ ಬೇರೆ ಬೇರೆ ಮಾಡಬೇಕು. ಆಗ ಒಂದು ತುತ್ತಿನಲ್ಲಿ ಮೂಲಂಗಿಯ ಹುಳಿ ಮುಂದೆ ಬರುತ್ತದೆ, ಇನ್ನೊಂದರಲ್ಲಿ ಎಳ್ಳಿನ ಘಮ. ಬಿಸಿಬೇಳೆಬಾತ್ ಒಟ್ಟಿಗೆ ಬೆಂದರೆ ಚೆನ್ನ, ಅದರ ದಾರಿಯೇ ಅದು. ಕೊರಿಯಾದ ಮನೆಗಳಲ್ಲೂ ಉಳಿದದ್ದನ್ನೆಲ್ಲ ಬಟ್ಟಲಿಗೆ ಹಾಕಿ ಕಲಸುತ್ತಾರಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಅಲ್ಲಿ ಉಳಿಯುವುದೇ ಒಂದೊಂದಾಗಿ ಹದಮಾಡಿಟ್ಟ ನಾಮುಲ್. ಕಷ್ಟದ ಕೆಲಸ ಮೊದಲೇ ಮುಗಿದಿರುತ್ತದೆ.

2012ರಲ್ಲಿ ಯುನೆಸ್ಕೊ ತನ್ನ ಪಾಕಕಲೆಯ ನಗರಗಳ ಪಟ್ಟಿಗೆ ಸೇರಿಸಿಕೊಂಡ ಕೊರಿಯಾದ ಜಿಯೊಂಜುವಿಗೆ ಬಿಬಿಂಬಾಪ್ ತಿನ್ನಲೆಂದೇ ಹೋಗಿದ್ದೆ. ಸೋಯಾ ಮೊಳಕೆ, ಜರೀಗಿಡದ ಎಳೆಯ ದಂಟು, ಹೆಸರುಕಾಳಿನ ಹಿಟ್ಟಿನಿಂದ ಮಾಡಿದ ಹಳದಿ ಹಲ್ವದಂಥ ತುಂಡು, ಪ್ರತಿಯೊಂದೂ ಅನ್ನದ ಮೇಲೆ ತನ್ನದೇ ಜಾಗದಲ್ಲಿ ಕೂತಿರುತ್ತದೆ. (ಸಸ್ಯಾಹಾರಿಗಳು ಕೇಳಿಯೇ ತಿನ್ನಿ, ಅಲ್ಲಿ ಅನ್ನವನ್ನು ದನದ ಮೂಳೆಯ ಸಾರಿನಲ್ಲಿ ಬೇಯಿಸುವ ಪದ್ಧತಿಯಿದೆ.)

ಗೊಚುಜಾಂಗ್ ಎಂಬ ಕೊರಿಯಾದ ಮೆಣಸಿನ ಗೊಜ್ಜಿನ ಬದಲು ಚಿಲ್ಲಿ ಸಾಸ್ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಮೆಣಸಿನಪುಡಿ, ಅಂಟಕ್ಕಿ, ಹುದುಗಿದ ಸೋಯಾದ ಪುಡಿ, ಉಪ್ಪು ಇವು ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಹುದುಗಿ ಬರುವ ರುಚಿ ಗೊಚುಜಾಂಗ್‌ನದು. ನಮ್ಮ ಗಾಣದ ಎಳ್ಳೆಣ್ಣೆಗೂ ಅವರು ಎಳ್ಳು ಹುರಿದು ತೆಗೆಯುವ ಎಣ್ಣೆಗೂ ಘಮದಲ್ಲಿ ಬಹಳ ವ್ಯತ್ಯಾಸವಿದೆ. ಅದು ಸಿಗದಿದ್ದರೆ ಹುರಿದ ಎಳ್ಳನ್ನು ಕುಟ್ಟಿ ಉದುರಿಸಿ. ಸೋಯಾ ಮೊಳಕೆ ಸಿಗದಿದ್ದರೆ ಹೆಸರುಕಾಳಿನ ಮೊಳಕೆ ಆಗುತ್ತದೆ, ಕೊರಿಯಾದಲ್ಲೂ ಅದರ ನಾಮುಲ್ ಮಾಡುತ್ತಾರೆ. ಇಷ್ಟೆಲ್ಲ ರಾಜಿಗೆ ನಾನು ಸಿದ್ಧ, ಆ ಒಂದೇ ಬಾಣಲೆಗೆ ಮಾತ್ರ ಇಲ್ಲ.

ನಿನ್ನೆ ಊಟ ಹಾಕಿದವರಿಗೆ ಬೆಳಿಗ್ಗೆ ಫೋನ್ ಮಾಡಿದೆ. ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಪಾಲಕ್ ನಾಲ್ಕು ಕಟ್ಟು ತಂದಿಡುತ್ತೇನೆ, ಹಿಂಡಿದರೆ ಒಂದೊಂದು ಕಟ್ಟು ಒಂದು ಹಿಡಿಯಷ್ಟೂ ಆಗುವುದಿಲ್ಲ.