ಎರಡೇ ಮಕ್ಕಳಾ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತವರುಮನೆಯ ಅಟ್ಟ ಗುಡಿಸುವಾಗ ಒಂದು ಗೋಣಿ ತುಂಬ ಹಳೆಯ ಕಾದಂಬರಿಗಳು ಸಿಕ್ಕಿದವು. ಅರ್ಧ ಗೆದ್ದಲಿನ ಪಾಲು. ಮೇಲೆಯೇ ಇದ್ದದ್ದು ತ್ರಿವೇಣಿಯವರ ‘ಶರಪಂಜರ’.

ಅಮ್ಮ ಇದನ್ನು ಅಜ್ಜಿಗೆ ಓದಿ ಹೇಳುತ್ತಿದ್ದರಂತೆ. ಅಜ್ಜಿಗೆ ಒಂಬತ್ತು ಹೆರಿಗೆ, ಉಳಿದದ್ದು ಏಳು. ಎರಡನೇ ಬಾಣಂತನದಲ್ಲಿ ಕಥಾನಾಯಕಿ ಕಾವೇರಿಗೆ ತಲೆ ಕೆಟ್ಟಿತು ಅನ್ನುವಲ್ಲಿ ಅಜ್ಜಿ ತಡೆದು ಕೇಳಿದರಂತೆ, "ಎರಡೇ ಮಕ್ಕಳಾ? ಅಷ್ಟಕ್ಕೇ ಇವಳಿಗೆ ಎಂತ ಆದದ್ದು?"

ಅಮ್ಮ ಇದನ್ನು ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ನಾಲ್ಕನೇ ಹೆರಿಗೆಯ ಮೇಲೆ ಅಜ್ಜಿಯೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ಗಾಳಿ ಸೋಕಿದ್ದು ಅಂತ ನೂಲು ಕಟ್ಟಿಸಿದ್ದರು, ಅಷ್ಟೆ. ತ್ರಿವೇಣಿಯವರೇ 1963ರಲ್ಲಿ ತೀರಿಕೊಂಡದ್ದು ಹೆರಿಗೆಯಾದ ಕೆಲವೇ ದಿನಕ್ಕೆ. 35 ಕೂಡ ತುಂಬಿರಲಿಲ್ಲ.

ಆಮೇಲೆ ವಾರಪತ್ರಿಕೆಗಳ ಧಾರಾವಾಹಿಗಳು ಬಂದವು. ಸುಧಾ, 1983ರಿಂದ ತರಂಗ. ನಾನು ಓದಿದ ಕತೆಗಳಲ್ಲಿ ಗಂಡ ಬ್ಯಾಂಕಿನಲ್ಲಿ, ಮನೆಯಲ್ಲಿ ಒಂದು ಸ್ಕೂಟರು, ಒಬ್ಬ ಮಗ, ಒಬ್ಬಳು ಮಗಳು. ಮೂರನೆಯದು ಯಾಕೆ ಹುಟ್ಟಲಿಲ್ಲ? ಯಾರೂ ಬರೆಯಲಿಲ್ಲ. ಮಕ್ಕಳು ತಾವಾಗಿಯೇ ನಿಂತುಹೋದ ಹಾಗೆ!

ಮನೆಗಳಲ್ಲಿ ಹಾಗೆ ಸುಮ್ನೆ ನಿಲ್ಲಲಿಲ್ಲ ಮಾರಾಯ್ರೆ. ಆಸ್ಪತ್ರೆ ಗೋಡೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕೆಳಗೆ ಮಲಯಾಳದಲ್ಲಿ ‘ನಾಂ ರಂಡ್, ನಮುಕ್ಕ್ ರಂಡ್’ (ನಾವಿಬ್ಬರು, ನಮಗಿಬ್ಬರು) ಅಂತ ಇತ್ತು. ಕನ್ನಡದಲ್ಲಿ ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’. 1971ರಲ್ಲಿ ಎರ್ನಾಕುಳಂನ ಶಿಬಿರದಲ್ಲಿ ಒಂದೇ ತಿಂಗಳಿಗೆ 60 ಸಾವಿರಕ್ಕೂ ಜಾಸ್ತಿ ಗಂಡಸರು ಆಪರೇಷನ್ ಮಾಡಿಸಿಕೊಂಡರು. ನಮ್ಮ ಮನೆಯ ಗಂಡಸರು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮೂರನೆಯದಾದ ಮೇಲೆ ಹೋದದ್ದು ಅಮ್ಮ. ಅಜ್ಜಿ ಬಯ್ಯುತ್ತಾರೆ ಅಂತ ಹೆದರಿದ್ದರಂತೆ. ಅಜ್ಜಿ ಹತ್ತು ದಿನ ಅಮ್ಮನಿಗೆ ಕೊಡಪಾನ ಎತ್ತಲು ಬಿಡಲಿಲ್ಲ. ಬೇರೆ ಏನೂ ಹೇಳಲಿಲ್ಲ.

ಈಗಿನ ಕತೆಗಳು ಇನ್ನೊಂದು ನಮೂನೆ. ಟಿವಿ ಸೀರಿಯಲ್ಲಿನ ಕೂಡುಕುಟುಂಬ ನೋಡಿ, ಮನೆ ತುಂಬ ದೊಡ್ಡವರು, ಆಡುವ ಮಗು ಹುಡುಕಿದರೂ ಸಿಗುವುದಿಲ್ಲ. ವಿಶೇಷಾಂಕಗಳಲ್ಲಿ ಒಬ್ಬನೇ ಮಗ ಅಮೆರಿಕದಲ್ಲಿ, ಅಪ್ಪ ಅಮ್ಮ ಜಗಲಿಯಲ್ಲಿ. ಎರಡನೆಯದು ಬೇಡ ಅನ್ನುವ ಸೊಸೆಗೆ ಎರಡನೇ ಪುಟಕ್ಕೇ ‘ಕೆರಿಯರ್ ಹುಚ್ಚು’ ಅಂತ ಮುದ್ರೆ. ಅವಳನ್ನು ಯಾಕೆ ಅಂತ ಕೇಳುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು ಕೇರಳದಲ್ಲಿ 1.8, ಗಡಿ ದಾಟಿದರೆ ಕರ್ನಾಟಕದಲ್ಲಿ 1.7. ಇಷ್ಟು ಮನೆಗಳಿಗೂ ಒಂದೇ ಹುಚ್ಚು ಹಿಡಿಯುತ್ತದಾ?

ನನ್ನ ಮಗಳಿಗೆ ಒಂದೇ ಮಗು. ಎರಡನೆಯದು ಬೇಡ ಅಂತಾಳೆ. ಮೊದಲ ಬಾಣಂತನದಲ್ಲಿ ನಿದ್ದೆಯಿಲ್ಲದೆ, ಮಗುವನ್ನು ಮುಟ್ಟದೆ, ಗೋಡೆ ನೋಡುತ್ತಾ ಕೂತಿದ್ದವಳು ಅವಳು. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.) ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟರು, ಗುಣವಾಯಿತು. ನೆಂಟರಿಗೆ ಮಾತ್ರ ಇವತ್ತಿಗೂ ಅವಳ ಕೆಲಸದ ಮೇಲೆಯೇ ಸಿಟ್ಟು.

ಗೋಣಿಯಲ್ಲಿದ್ದ ಪುಸ್ತಕದ ಕೊನೆಯ ಪುಟಗಳಿಲ್ಲ. ಬೆಂಗಳೂರಿಗೆ ಹೋಗುವಾಗ ಹೊಸ ಪ್ರತಿ ಒಯ್ಯಬೇಕು. ಮಗಳಿಗೆ ಕನ್ನಡ ಓದುವುದು ಸ್ವಲ್ಪ ನಿಧಾನ. ನಾನೇ ಓದಿ ಹೇಳುತ್ತೇನೆ.